ಮಡಿಸಿಟ್ಟ ಶೀಟಿನ ಕೇಸು

ಕೇಸು ನಾನು ಗೆದ್ದಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಕೇಳಿದವರು ಸೋತವಳ ಕಥೆ ಅಂದುಕೊಂಡು ಅಯ್ಯೋ ಪಾಪ ಅನ್ನುತ್ತಾರೆ. ಅವರ ಪಾಪ ಅವರ ಹತ್ತಿರವೇ ಇರಲಿ.

ಅಂಗವಿಕಲರ ಪಿಂಚಣಿ ನಿನಗಿಲ್ಲ ಅಂದಿತ್ತು ಇಲಾಖೆ. ನಾನು ಮೇಲ್ಮನವಿ ಹಾಕಿದೆ. ಎರಡು ವರ್ಷ ಅಲೆದೆ. ಪಿಂಚಣಿ ಕೊಡಿ, ಎರಡು ವರ್ಷದ ಬಾಕಿಯನ್ನೂ ಒಟ್ಟಿಗೆ ಕೊಡಿ ಎಂದು ತೀರ್ಪು ಬಂತು. ಆ ದಿನ ನಮ್ಮತ್ತೆ ನನ್ನ ಬಾಯಿಗೆ ತುತ್ತು ಇಡುತ್ತಾ, “ಸೊಸೆ ಬಂದ್ಮೇಲೆ ಕೂತು ಉಣ್ಬೇಕು ಅನ್ಕೊಂಡಿದ್ದೆ. ಈಗ ಸೊಸೆಗೇ ಉಣಿಸ್ತಾ ಕೂತಿದೀನಿ. ಆ ದುಡ್ಡಲ್ಲಿ ಮೊದ್ಲು ನನ್ನ ಕೂಲಿ ಕೊಡು,” ಅಂದರು. ಅಂದು ತಾವೇ ನಕ್ಕರು. ಅವರಿಗೆ ಎಪ್ಪತ್ತೊಂದು. ಅವರ ಮಗ, ಅಂದರೆ ನನ್ನ ಗಂಡ, ಸತ್ತು ಒಂಬತ್ತು ವರ್ಷವಾಯಿತು. ಮನೆಯಲ್ಲಿ ನಾವಿಬ್ಬರೇ. ಅವರಿಗೆ ಮಂಡಿ ಇಲ್ಲ, ನನಗೆ ಕೈ ಇಲ್ಲ. ಇಬ್ಬರೂ ಸೇರಿ ಒಂದು ಆಳು.

ಕೈ ಇಲ್ಲ ಅಂದರೆ ಪೂರ್ತಿ ಇಲ್ಲ ಅಂತಲ್ಲ. ನೋಡುವವರ ಕಣ್ಣಿಗೆ ಎರಡೂ ಇವೆ. ಬಲಗೈಯಲ್ಲಿ ಮೂರು ಬೆರಳು ಹೋಗಿವೆ, ಉಳಿದೆರಡು ಕಟ್ಟಿಗೆ. ಎಡಗೈಯಲ್ಲಿ ಐದೂ ಬೆರಳು ಇವೆ. ಆದರೆ ಬೆಂದ ಚರ್ಮ ಒಂದಕ್ಕೊಂದು ಅಂಟಿಕೊಂಡು ಐದೂ ಸೇರಿ ಒಂದೇ ಮುದ್ದೆಯಾಗಿದೆ.

ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದೆ. ಗಾಡಿಯಲ್ಲಿ ತುಂಬಿ ಬರುತ್ತಿದ್ದವು ಶೀಟುಗಳು. ರಕ್ತ, ಕೀವು, ವಾಂತಿ, ಮಲ. ಒಮ್ಮೆ ಒಂದು ಹಲ್ಲು ಸಿಕ್ಕಿತ್ತು. ಸೂಜಿಗಳಂತೂ ಲೆಕ್ಕವಿಲ್ಲ. ಬರಿಗೈಯಲ್ಲಿ ಬಿಡಿಸಿ, ಬೇರೆ ಮಾಡಿ, ಒಗೆದು, ಹಿಂಡಿ, ರೋಲರಿಗೆ ಕೊಡಬೇಕು. ರೋಲರು ಅಂದರೆ ಆಳುದ್ದದ ಕಾದ ಕಬ್ಬಿಣದ ಉರುಳೆ. ಒದ್ದೆ ಶೀಟು ಒಂದು ಕಡೆಯಿಂದ ಒಳಹೋಗಿ ಇನ್ನೊಂದು ಕಡೆಯಿಂದ ಇಸ್ತ್ರಿಯಾಗಿ ಬರುತ್ತದೆ, ಬಂದದ್ದನ್ನು ಮಡಿಸಿಡಬೇಕು. ಒಳಹೋಗುವ ಬಾಯಿಗೆ ಒಂದು ಪಟ್ಟಿ ಇರುತ್ತದೆ, ಬೆರಳು ತಗುಲಿದರೆ ಮಿಷನ್ನು ನಿಲ್ಲಬೇಕು. ಗಳಿಗೆಗೊಮ್ಮೆ ನಿಂತು ಕೆಲಸ ಸಾಗುವುದಿಲ್ಲ ಎಂದು ಸೂಪರ್‌ವೈಸರ್ ಆ ಪಟ್ಟಿಯನ್ನು ಚಿಂದಿಯಿಂದ ಮೇಲಕ್ಕೆ ಕಟ್ಟಿಸಿದ್ದ. ಕಟ್ಟಿದವಳು ನಾನೇ. ಕಟ್ಟು ಅಂದ, ಕಟ್ಟಿದೆ. ಒಂದು ದಿಂಬಿನ ಚೀಲದ ತುದಿ ಸಿಕ್ಕಿಕೊಂಡಿತು, ಬಿಡಿಸಲು ಬಲಗೈ ಹಾಕಿದೆ. ಬಲಗೈ ಬಿಡಿಸಲು ಎಡಗೈ ಹಾಕಿದೆ. ಅಷ್ಟೇ.

ಆ ಇಪ್ಪತ್ತೆರಡು ವರ್ಷ ನನಗೆ ಹೇಸಿಗೆ ಅನ್ನುವುದು ಗೊತ್ತಿರಲಿಲ್ಲ. ಊಟದ ಹೊತ್ತಿಗೆ ಕೈ ತೊಳೆದು ಅದೇ ಕೋಣೆಯಲ್ಲಿ ಕೂತು ಉಣ್ಣುತ್ತಿದ್ದೆವು. ಹೇಸಿಗೆ ಕಲಿತದ್ದು ಆಮೇಲೆ, ಫಿನಾಯಿಲ್ ಹಾಕಿ ಒರೆಸಿದ ಕೋಣೆಗಳಲ್ಲಿ.

ಪಿಂಚಣಿಗೆ ಅರ್ಜಿ ಹಾಕಿದರೆ ಇಲಾಖೆಯ ಡಾಕ್ಟರು ನೋಡಿ ಬರೆಯಬೇಕು. ನೋಡಿಸಿಕೊಳ್ಳಲು ಹೋದೆ. ಆ ಬೆಳಿಗ್ಗೆ ನನ್ನದು ಇಪ್ಪತ್ತಾರನೇ ಟೋಕನ್ನು. ಹಿಂದೆ ಇನ್ನೂ ಹದಿನೈದು ಜನ. ಡಾಕ್ಟರು ಮಂಚದ ಮೇಲೆ ಮಲಗು ಅಂದರು. ಕೈಗೆ ಆದ ಗಾಯಕ್ಕೆ ಮಲಗುವುದು ಯಾಕೋ, ಕೇಳಲಿಲ್ಲ, ಮಲಗಿದೆ. ಹೊಟ್ಟೆ ಒತ್ತಿದರು. ನಾಲಿಗೆ ನೋಡಿದರು. ಕೈಯನ್ನು ಮಾತ್ರ ಪೆನ್ನಿನ ತುದಿಯಿಂದ ತಿರುಗಿಸಿ ನೋಡಿದರು. ಸರಿ, ಏಳು ಅಂದರು. ಎದ್ದೆ.

ಎದ್ದವಳು ತಿರುಗಿ ನೋಡಿದರೆ ಮಂಚದ ಮೇಲಿನ ಶೀಟು ಮುದುಡಿ ಬಿದ್ದಿತ್ತು. ನಾನು ಮಲಗಿ ಮುದುಡಿದ್ದು. ಮಡಿಸಿಟ್ಟೆ.

ಯಾಕೆ ಮಡಿಸಿದೆ ಎಂದು ಎರಡು ವರ್ಷ ಎಲ್ಲರೂ ಕೇಳಿದರು. ಏನು ಹೇಳಲಿ? ಮುದುಡಿದ ಶೀಟು ಕಂಡರೆ ನನ್ನ ಮೈ ನನ್ನನ್ನು ಕೇಳುವುದಿಲ್ಲ. ಇನ್ನೊಂದು ಮಾತೂ ಇದೆ. ದೊಡ್ಡವರ ಕೋಣೆಗೆ ಹೋದರೆ ನಾವು ಬಂದಿದ್ದ ಗುರುತು ಉಳಿಸದೆ ಬರಬೇಕು ಎಂದು ನಮ್ಮಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಟೆಂಡರ್ ಬೈಯುತ್ತಾನೆ. ಹೇಗೆ ಮಡಿಸಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಡಾಕ್ಟರ ವರದಿ ಮೂರು ಸಾಲು. “ಅರ್ಜಿದಾರರು ಹಾಸುಬಟ್ಟೆಯನ್ನು ಯಾರ ನೆರವೂ ಇಲ್ಲದೆ ಅಚ್ಚುಕಟ್ಟಾಗಿ ಮಡಿಸಿದರು. ಎರಡೂ ಕೈಗಳ ಬಳಕೆ ಸಾಧ್ಯವಿದೆ. ಹಗುರವಾದ ಕೆಲಸಕ್ಕೆ ಯೋಗ್ಯರು.” ಆ ಮೂರು ಸಾಲು ಹಿಡಿದು ಇಲಾಖೆ ಪಿಂಚಣಿ ಇಲ್ಲ ಅಂದಿತು. ಲಾಂಡ್ರಿಯವರು ನೀನು ಕೆಲಸಕ್ಕೆ ಬಾರದವಳು ಎಂದು ತೆಗೆದುಹಾಕಿದ್ದರು. ಇಲಾಖೆಯವರು ನೀನು ಕೆಲಸಕ್ಕೆ ಬರುತ್ತೀಯ ಅಂದರು. ಇಬ್ಬರ ಕಾಗದವನ್ನೂ ಅತ್ತೆ ಒಂದೇ ಮೊಳೆಗೆ ಚುಚ್ಚಿಟ್ಟರು.

ಆಗ ಸಿಕ್ಕವಳು ಜೆರಾಕ್ಸ್ ವಕೀಲಮ್ಮ. ಜೆರಾಕ್ಸ್ ಅಂಗಡಿಯ ಹಿಂದಿನ ಅರ್ಧ ಕೋಣೆ ಅವಳ ಆಫೀಸು, ಅದಕ್ಕೆ ಆ ಹೆಸರು. ಮೂವತ್ತು ದಾಟಿರದ ಹುಡುಗಿ. ಮಿಷನ್ನಿನ ಸದ್ದಿಗೆ ಜೋರಾಗಿ ಮಾತಾಡಿ ಮಾತಾಡಿ ಹೊರಗೂ ಜೋರಾಗಿಯೇ ಮಾತಾಡುತ್ತಿದ್ದಳು. ಮೊದಲ ದಿನವೇ ಬಿಡಿಸಿ ಹೇಳಿದಳು. “ಈಗ ಏನೂ ಕೊಡ್ಬೇಡಿ ಅಕ್ಕಾ. ಸೋತ್ರೆ ನಂಗೂ ಇಲ್ಲ, ನಿಮ್ಗೂ ಇಲ್ಲ. ಗೆದ್ರೆ ಬರೋ ಬಾಕೀಲಿ ಕಾಲು ಭಾಗ ನಂದು. ಆದ್ರೆ ಕಾನೂನಲ್ಲಿ ಇನ್ನೊಂದು ದಾರಿ ಇದೆ. ಸರಿಯಾದ ಕಾರಣ ಇಲ್ದೆ ಪಿಂಚಣಿ ತಡೆದ್ರು ಅಂತ ತೋರಿಸಿದ್ರೆ ನನ್ನ ಫೀಸು ಸರ್ಕಾರಾನೇ ಕೊಡ್ಬೇಕು. ಆಗ ನಿಮ್ಮ ದುಡ್ಡು ಪೂರ್ತಿ ನಿಮಗೇ.”

ಪೂರ್ತಿ ನನಗೆ ಬೇಕಿತ್ತು. ಅದಕ್ಕೆ ಕಾರಣವಿತ್ತು. ಕೈ ಡಾಕ್ಟರಮ್ಮ ಎಂದು ನಾವು ಕರೆಯುವ ಒಬ್ಬರು ನನ್ನ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ನೋಡಿದ್ದರು. ಪೆನ್ನಿನ ತುದಿಯಿಂದಲ್ಲ. ಒಳಗೆ ಮೂಳೆ ಚೆನ್ನಾಗಿದೆ, ಅಂಟಿದ ಬೆರಳು ಬಿಡಿಸಬಹುದು, ಎರಡು ಸಲ ಆಪರೇಷನ್ ಆಗಬೇಕು, ತಡ ಮಾಡಿದರೆ ಗೆಣ್ಣು ಹಿಡಿದುಕೊಂಡು ಆಮೇಲೆ ಏನೂ ಆಗುವುದಿಲ್ಲ ಅಂದಿದ್ದರು. ಖರ್ಚು ಕೇಳಿದೆ. ಬಾಕಿ ಪೂರ್ತಿ ಕೈಗೆ ಬಂದರೆ ಸರಿಹೋಗುತ್ತಿತ್ತು. ಕಾಲು ಭಾಗ ಹೋದರೆ ಇಲ್ಲ.

ನನಗೆ ಅತ್ತೆ ಇದ್ದಾರೆ. ಅಂಗಿಯ ಗುಂಡಿ ಹಾಕುತ್ತಾರೆ, ತಲೆ ಬಾಚುತ್ತಾರೆ, ಉಣಿಸುತ್ತಾರೆ. ಕಕ್ಕಸಿಗೆ ಹೋದರೂ ಬಾಗಿಲ ಹೊರಗೆ ನಿಂತು, “ಆಯ್ತೇನೇ?” ಅನ್ನುತ್ತಾರೆ. ಆಮೇಲೆ ಒಳಗೆ ಬರುತ್ತಾರೆ. ನಲವತ್ತಾರು ವಯಸ್ಸಿನ ಹೆಂಗಸು ನಾನು. ಎಪ್ಪತ್ತೊಂದರ ಮುದುಕಿ ಮಂಡಿ ಹಿಡಿದುಕೊಂಡು ಬಗ್ಗಿ ನನ್ನನ್ನು ತೊಳೆಯುತ್ತಾರೆ. ಒಂದು ದಿನವೂ ಮೂಗು ಮುರಿದವರಲ್ಲ. ಅವರು ಹೋಗುವುದರೊಳಗೆ ನನಗೆ ಒಂದು ಕೈ ಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಪಿಂಚಣಿಯ ತೀರ್ಪು ಬಂದದ್ದು ಕೈ ಡಾಕ್ಟರಮ್ಮ ಕೊಟ್ಟ ಎಕ್ಸ್‌ರೇ, ಫೋಟೊ, ಕಾಗದಗಳ ಮೇಲೆ. ಅದಾದ ವಾರಕ್ಕೆ ವಕೀಲಮ್ಮ ಫೀಸಿನ ಅರ್ಜಿ ಹಾಕಿದಳು. ಮಾಡಿದ ಕೆಲಸವನ್ನು ಗಂಟೆ ಲೆಕ್ಕದಲ್ಲಿ ಬರೆದುಕೊಡಬೇಕಂತೆ. ಅರ್ಜಿ ಬರೆದದ್ದು ಇಷ್ಟು, ಕಡತ ಓದಿದ್ದು ಇಷ್ಟು, ಕೈ ಡಾಕ್ಟರಮ್ಮನನ್ನು ಕಂಡದ್ದು ಇಷ್ಟು. ಒಟ್ಟು ಐವತ್ತೆಂಟು ಗಂಟೆ. ಅವಳು ಎರಡು ವರ್ಷದಲ್ಲಿ ಮಾಡಿದ ಕೆಲಸಕ್ಕೆ ಅದು ಕಡಿಮೆ ಎಂದು ನನಗೇ ಗೊತ್ತಿತ್ತು. ಕೇಳಿದೆ. “ಅನುಮಾನ ಇರೋ ಗಂಟೆನೆಲ್ಲಾ ಬಿಟ್ಬಿಟ್ಟೆ ಅಕ್ಕಾ. ಅವ್ರಿಗೆ ಕೊಂಕು ತೆಗೆಯೋಕೆ ಜಾಗ ಇರ್ಬಾರ್ದು,” ಅಂದಳು.

ಕೊಂಕು ತೆಗೆಯುವವರಿಗೆ ಜಾಗ ಬೇಕೆ? ಇಲಾಖೆ ಒಂಬತ್ತು ಪುಟದ ಆಕ್ಷೇಪಣೆ ಕಳಿಸಿತು. ನನಗೆ ಪಿಂಚಣಿ ಇಲ್ಲ ಅನ್ನಲು ಮೂರು ಸಾಲು ಸಾಕಾಗಿತ್ತು.

ಫೀಸಿನ ವಿಚಾರಣೆಯ ದಿನ ಅತ್ತೆ ನಾಲ್ಕಕ್ಕೇ ಎದ್ದು ನನ್ನನ್ನು ತಯಾರು ಮಾಡಿದರು. ಬಸ್ಸಿನಲ್ಲಿ ನಾನು ಕಂಬಿಗೆ ಮೊಣಕೈ ಸಿಕ್ಕಿಸಿಕೊಂಡು ನಿಂತೆ, ಅವರು ನನ್ನ ಸೊಂಟ ಹಿಡಿದುಕೊಂಡು ನಿಂತರು. ನ್ಯಾಯಮಂಡಳಿ ಇದ್ದದ್ದು ಕಟ್ಟಡದ ಮೂರನೇ ಮಹಡಿಯಲ್ಲಿ. ಲಿಫ್ಟು ಕೆಟ್ಟಿತ್ತು. ಅಂಗವಿಕಲರ ಕೇಸು ನಡೆಸುವ ಕಟ್ಟಡ ಅದು. ಅತ್ತೆ ಪ್ರತಿ ತಿರುವಿನಲ್ಲೂ ಕೂತು, “ಈ ಮೆಟ್ಟಿಲು ಹತ್ತೋಕಾದ್ರೆ ಪಿಂಚಣಿ ಇಲ್ಲ ಅಂತಾರೇನೋ ನೋಡು,” ಅಂದರು.

ಕೋಣೆ ಚಿಕ್ಕದು. ಎದುರಿಗೆ ಜಡ್ಜ್ ಸಾಹೇಬರು, ಪಕ್ಕದಲ್ಲಿ ಟೈಪ್ ಮಾಡುವವಳು, ಬಾಗಿಲಲ್ಲಿ ಅಟೆಂಡರ್. ಒಂದು ಮೇಜಿಗೆ ನಾವು, ಇನ್ನೊಂದಕ್ಕೆ ಸರ್ಕಾರಿ ವಕೀಲ. ನಲವತ್ತರ ಗಂಡಸು. ಅಂಗಿಯ ತೋಳಿನ ಗುಂಡಿ ಹಾಕುತ್ತಾ, ಬಿಚ್ಚುತ್ತಾ, ಮತ್ತೆ ಹಾಕುತ್ತಾ ಮಾತಾಡುವ ಅಭ್ಯಾಸ ಅವನಿಗೆ. ನಾನು ಬೇರೇನೂ ನೋಡಲಿಲ್ಲ. ಆ ಗುಂಡಿಯನ್ನೇ ನೋಡಿದೆ.

“ಮಾನ್ಯರೇ, ಇದು ಬಹಳ ಸರಳವಾದ ಕೇಸು. ಇದಕ್ಕೆ ಐವತ್ತೆಂಟು ಗಂಟೆ ಅನ್ನೋದು ದುಬಾರಿ. ಹದಿನೈದು ಗಂಟೆ ಧಾರಾಳ,” ಅಂದ.

ಒಂದೊಂದೇ ಗಂಟೆ ಎತ್ತಿ ಎತ್ತಿ ನೋಡಿದ. ಕೊಳೆಬಟ್ಟೆ ಬೇರೆ ಮಾಡುವವರೂ ಅಷ್ಟು ಮೂಸುವುದಿಲ್ಲ. “ಕಕ್ಷಿದಾರರ ಮನೆಗೆ ಭೇಟಿ, ಒಂದೂವರೆ ಗಂಟೆ. ಯಾಕೆ? ಕಕ್ಷಿದಾರರೇ ಆಫೀಸಿಗೆ ಬರಬಹುದಿತ್ತು. ಅವರ ಕಾಲಿಗೆ ಏನೂ ಆಗಿಲ್ಲವಲ್ಲ.”

ಆ ದಿನ ಅತ್ತೆಗೆ ಜ್ವರ. ನನಗೆ ಬಟ್ಟೆ ತೊಡಿಸುವವರಿರಲಿಲ್ಲ. ನಾನು ಕಂಬಳಿ ಸುತ್ತಿಕೊಂಡು ಕೂತಿದ್ದೆ. ವಕೀಲಮ್ಮ ಬಂದವಳು ಮೊದಲು ನನಗೆ ಅಂಗಿ ತೊಡಿಸಿ, ಅತ್ತೆಗೆ ಗಂಜಿ ಕಾಯಿಸಿ, ಆಮೇಲೆ ಕಾಗದ ತೆಗೆದಳು. ಅಂಗಿ ತೊಡಿಸಿದ್ದನ್ನೂ ಗಂಜಿಯನ್ನೂ ಲೆಕ್ಕದಲ್ಲಿ ಬಿಟ್ಟಿದ್ದಳು. ಈಗ ಅದನ್ನು ಹೇಳಲೇ ಎಂದು ನನ್ನ ಕಡೆ ನೋಡಿದಳು. ನಾನು ಬೇಡ ಎಂದು ತಲೆಯಾಡಿಸಿದೆ. ಅವನ ಕಿವಿಗೆ ನನ್ನ ಬೆತ್ತಲೆ ಯಾಕೆ ಬೀಳಬೇಕು?

ಆಮೇಲೆ ಅವನು ಹಾಳೆ ತಿರುಗಿಸಿದ. ದನಿಯೂ ತಿರುಗಿತು. “ಇನ್ನು ಇಲಾಖೆಗೆ ಸರಿಯಾದ ಕಾರಣ ಇತ್ತೇ ಇಲ್ಲವೇ ಅನ್ನೋದು. ಮಾನ್ಯರೇ, ಇದು ಬಹಳ ಜಟಿಲವಾದ ಪ್ರಶ್ನೆ. ಎರಡೂ ಕಡೆ ವಾದಕ್ಕೆ ಅವಕಾಶ ಇದ್ದ ಕೇಸು.”

ವಕೀಲಮ್ಮ ಎದ್ದಳು. ಜೆರಾಕ್ಸ್ ಮಿಷನ್ನು ಪಕ್ಕದಲ್ಲೇ ಇದೆಯೇನೋ ಎಂಬಷ್ಟು ಜೋರಾಗಿ ಹೇಳಿದಳು. “ಸರಳ ಆಗಿದ್ರೆ ಮೊದಲೇ ಯಾಕೆ ಪಿಂಚಣಿ ಕೊಡ್ಲಿಲ್ಲ ಸರ್? ಜಟಿಲ ಆಗಿದ್ರೆ ಐವತ್ತೆಂಟು ಗಂಟೆ ಯಾಕೆ ಜಾಸ್ತಿ ಆಯ್ತು? ಎರಡ್ರಲ್ಲಿ ಒಂದು ಹೇಳ್ಲಿ. ಎರಡೂ ಅವರದೇ ಆಗೋಕಾಗಲ್ಲ.”

ಟೈಪ್ ಮಾಡುವವಳು ತುಟಿ ಕಚ್ಚಿಕೊಂಡಳು. ಜಡ್ಜ್ ಸಾಹೇಬರೂ ಕನ್ನಡಕ ತೆಗೆದು ಒರೆಸಿದರು. ಗೆದ್ದೆವು ಅಂದುಕೊಂಡೆ ನಾನು. ಅತ್ತೆ ಹಿಂದಿನ ಬೆಂಚಿನಿಂದ, “ಹಾಗ್ ಹೇಳು ಮಗಳೇ,” ಅಂದೇಬಿಟ್ಟರು. ಅಟೆಂಡರ್ ಶ್ಶ್ ಅಂದ.

ಸರ್ಕಾರಿ ವಕೀಲ ಗುಂಡಿ ಹಾಕಿದ. “ಶೀಟು ಮಡಿಸಿದ್ದು ನಿಜ ತಾನೇ ಮಾನ್ಯರೇ? ಅರ್ಜಿದಾರರೂ ಒಪ್ಪಿದ್ದಾರೆ. ಒಬ್ಬ ಹೆಂಗಸು ಬಂದು, ನನಗೆ ಕೈ ಆಗಲ್ಲ ಅಂತಾಳೆ. ಹೋಗುವಾಗ ಶೀಟು ಮಡಿಸಿಟ್ಟು ಹೋಗ್ತಾಳೆ. ಯಾವ ಡಾಕ್ಟರಾದ್ರೂ ಏನು ಬರೀಬೇಕು?”

ಜಡ್ಜ್ ಸಾಹೇಬರು ಒರೆಸಿದ ಕನ್ನಡಕ ಹಾಕಿಕೊಂಡರು. ಕೆಟ್ಟ ಮನುಷ್ಯ ಅಲ್ಲ. ಮೆತ್ತಗೆ ಮಾತಾಡುವವರು. ಹೇಸಿಗೆ ತರಿಸಿದ್ದು ಆ ಮೆತ್ತಗಿನ ದನಿಯೇ. “ನನಗೆ ಒಂದು ಸಂದೇಹ. ಡಾಕ್ಟರು ಅವತ್ತು ಏನು ಕಂಡಿರಬಹುದು ಅನ್ನೋದು ಗೊತ್ತಾದ್ರೆ ಈ ಅರ್ಜಿ ಈಗಲೇ ತೀರ್ಮಾನ ಆಗುತ್ತೆ. ಅಮ್ಮ, ನೀವು ಒಂದು ಸಲ ಶೀಟು ಮಡಿಸಿ ತೋರಿಸ್ತೀರಾ?”

ಅಟೆಂಡರ್ ಕೆಳಗಿನ ಮಹಡಿಯ ದವಾಖಾನೆಯಿಂದ ಶೀಟು ತಂದ. ತಂದಾಗ ಮಡಿಸಿಯೇ ಇತ್ತು. ಅಡ್ಡಕ್ಕೆ ಮೂರು, ಉದ್ದಕ್ಕೆ ಎರಡು, ಅಂಚು ಒಳಗೆ. ನಮ್ಮ ಲಾಂಡ್ರಿಯ ಮಡಿಕೆ. ಮಡಿಸಿದವಳು ಯಾರೋ, ನನ್ನ ಜೊತೆ ನಿಂತವಳೇ ಇರಬೇಕು. ಅಟೆಂಡರ್ ಅದರ ಎರಡು ಮೂಲೆ ಹಿಡಿದು ಕೊಡವಿದ. ಮೇಜಿನ ಮೇಲೆ ಎಸೆದು ಕೈಯಿಂದ ಕಲಸಿ ಮುದುಡಿದ. ಚೆನ್ನಾಗಿ ಮುದುಡಿರಬೇಕು ಎಂದು ಇನ್ನೊಮ್ಮೆ ಕಲಸಿದ.

ವಕೀಲಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದಳು. ಆಗ ಮಾತ್ರ ಅವಳ ದನಿ ಸಣ್ಣದಾಗಿತ್ತು. “ಅಕ್ಕಾ, ಒಂದ್ಸಲ ಅವರ ಕಣ್ಣಾರೆ ನೋಡಿದ್ರೆ ಬಾಯಿ ಮುಚ್ಕೋತಾರೆ. ಫೀಸು ಅವ್ರೇ ಕೊಡ್ಬೇಕಾಗುತ್ತೆ. ಆದ್ರೆ ಮಾಡಿ ಅಂತ ನಾನು ಹೇಳಲ್ಲ. ಬೇಡ ಅಂದ್ರೆ ಬೇಡ.”

ನಾನು ಎದ್ದು ಮೇಜಿನ ಹತ್ತಿರ ಹೋದೆ. ಒಂದು ಶೀಟು. ಅರ್ಧ ನಿಮಿಷದ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ದಿನಕ್ಕೆ ನಾನೂರು ಮಡಿಸಿದವಳಿಗೆ ಇನ್ನೊಂದು ಯಾವ ಲೆಕ್ಕ? ಇದೊಂದು ಮಡಿಸಿದರೆ ಬಾಕಿ ಪೂರ್ತಿ ನನ್ನದು. ಎಡಗೈ ನನ್ನದು. ಅತ್ತೆಯ ಮಂಡಿಗೆ ಬಿಡುಗಡೆ. ನಿಜ ಹೇಳುತ್ತೇನೆ, ನಾನು ಬಗ್ಗಿದೆ. ಬಾಯಿ ತೆರೆದೆ.

ಆಗ ಕುರ್ಚಿ ಸರಿದ ಸದ್ದಾಯಿತು. ಸರ್ಕಾರಿ ವಕೀಲ ಸರಿಯಾಗಿ ಕಾಣುವ ಕಡೆಗೆ ಕುರ್ಚಿ ಎಳೆದುಕೊಂಡು, ಜೇಬಿನಿಂದ ಮೊಬೈಲು ತೆಗೆದಿದ್ದ. “ಮಾನ್ಯರೇ, ದಾಖಲೆಗೆ ಇರಲಿ, ವಿಡಿಯೊ ಮಾಡ್ಕೊಳ್ಳಬಹುದಾ?” ಅಂದ. ಜಡ್ಜ್ ಸಾಹೇಬರು, “ಹ್ಞಾ, ಮಾಡ್ಕೊಳ್ಳಿ,” ಅಂದರು. ಬಾಗಿಲಲ್ಲಿದ್ದ ಅಟೆಂಡರ್ ಎರಡು ಹೆಜ್ಜೆ ಒಳಗೆ ಬಂದ. ಟೈಪ್ ನಿಂತಿತ್ತು. ಎಲ್ಲರೂ ಮುಂದಕ್ಕೆ ಬಗ್ಗಿದ್ದರು.

ನಾನು ಬಾಯಿ ಮುಚ್ಚಿದೆ. ನೆಟ್ಟಗೆ ನಿಂತೆ.

“ಮಡಿಸಲ್ಲ,” ಅಂದೆ.

“ಯಾಕಮ್ಮ? ಕಷ್ಟ ಆಗುತ್ತಾ?”

“ಕಷ್ಟ ಏನಿಲ್ಲ ಸ್ವಾಮಿ. ಹೇಸಿಗೆ ಆಗುತ್ತೆ.”

“ನೋಡಮ್ಮ, ಇದು ನಿಮ್ಮ ಅನುಕೂಲಕ್ಕೇ...”

“ನನ್ನ ಅನುಕೂಲ ನಂಗೊತ್ತು. ಆ ಡಾಕ್ಟರನ್ನ ಕರೆಸಿ. ನಾನು ಮಡಿಸುವಾಗ ಎಲ್ಲಿ ನೋಡ್ತಿದ್ರು ಅಂತ ಕೇಳಿ. ನನ್ನ ಕೈ ಮುಟ್ಟಿದ ಪೆನ್ನು ತೊಳೀತಿದ್ರು. ಬೆನ್ನು ನನ್ನ ಕಡೆ ಇತ್ತು. ತಿರುಗಿ ನೋಡಿದ್ರು, ಶೀಟು ಮಡಿಸಿತ್ತು, ಬರ್ದ್ರು. ಹ್ಯಾಗೆ ಮಡಿಸಿದ್ಯಮ್ಮ ಅಂತ ಒಂದು ಮಾತು ಕೇಳ್ಲಿಲ್ಲ. ಎರಡು ವರ್ಷ ನಿಮ್ಮ ಇಲಾಖೇಲಿ ಒಬ್ಬರೂ ಕೇಳ್ಲಿಲ್ಲ. ನೀವೂ ಕೇಳ್ಲಿಲ್ಲ. ಮಾಡಿ ತೋರಿಸು ಅಂದ್ರಿ. ಕೇಳಿದ್ರೆ ಹೇಳ್ತಿದ್ದೆ. ಈಗ ಹೇಳ್ತೀನಿ, ಟೈಪ್ ಮಾಡ್ಕೊಳ್ಳಮ್ಮ.”

ಟೈಪ್ ಮಾಡುವವಳು ಜಡ್ಜ್ ಮುಖ ನೋಡಿದಳು. ನಾನು ಕಾಯಲಿಲ್ಲ.

“ಒಂದು ಮೂಲೆ ಹಲ್ಲಲ್ಲಿ ಕಚ್ಚಿದೆ. ಯಾರ್ಯಾರೋ ಮಲಗಿ ಎದ್ದ ಶೀಟು. ಇನ್ನೊಂದು ಮೂಲೆ ಎರಡು ಮಣಿಕಟ್ಟಿನ ಮಧ್ಯ ಒತ್ತಿ ಹಿಡಿದೆ. ಗದ್ದದಲ್ಲಿ ಎದೆಗೆ ಅದುಮಿಕೊಂಡು ಮಡಿಕೆ ತಗೊಂಡೆ. ಮಂಚಕ್ಕೆ ಹೊಟ್ಟೆ ಕೊಟ್ಟು, ಮೊಣಕೈಯಲ್ಲಿ ಉಜ್ಜಿ ಸಾಪು ಮಾಡಿದೆ. ಬಾಯಿ ಮುಚ್ಚೋಕಾಗಲ್ಲ, ಜೊಲ್ಲು ಸುರಿಯುತ್ತೆ. ಜೊಲ್ಲು ಬಿದ್ದ ಕಡೆ ಒಳಮಡಿಕೆ ಮಾಡಿದೆ, ಕಾಣದ ಹಾಗೆ. ಅದಕ್ಕೇ ಅಚ್ಚುಕಟ್ಟಾಗಿತ್ತು.”

“ಸಾಕು, ಸಾಕು,” ಅಂದರು ಜಡ್ಜ್ ಸಾಹೇಬರು. ಮುಖ ಕಿವುಚಿಕೊಂಡಿತ್ತು.

“ಕೇಳೋಕೇ ಆಗ್ಲಿಲ್ಲ ನಿಮಗೆ. ನೋಡ್ತೀನಿ ಅಂದ್ರಲ್ಲ,” ಅಂದೆ. “ಅವತ್ತು ಮಡಿಸಿದ್ದು ಯಾರೂ ಹೇಳದೆ ಮಡಿಸಿದ್ದು. ನನ್ನ ಅಭ್ಯಾಸ, ನನ್ನ ಮರ್ಯಾದೆ. ಇವತ್ತು ನೀವು ಕುರ್ಚಿ ಹಾಕ್ಕೊಂಡು ಕೂತು ಮಡಿಸು ಅಂದ್ರೆ ಅದು ಕೋತಿ ಆಟ. ನಿಮ್ಮ ವಕೀಲರ ಮೊಬೈಲಿಗೆ ನಾನು ಕೋತಿ ಆಗಲ್ಲ.”

ಸರ್ಕಾರಿ ವಕೀಲ ಮೊಬೈಲು ಇಳಿಸಿದ. “ಅರ್ಜಿದಾರರು ಮಾಡಿ ತೋರಿಸಲು ನಿರಾಕರಿಸಿದ್ದಾರೆ ಅಂತ ದಾಖಲಾಗಲಿ ಮಾನ್ಯರೇ.”

“ಆಗ್ಲಿ. ದೊಡ್ಡಕ್ಷರದಲ್ಲಿ ಆಗ್ಲಿ,” ಅಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಮತ್ತೆ ನನ್ನ ಸೊಂಟ ಹಿಡಿದುಕೊಂಡು ನಿಂತರು. ಮನೆಗೆ ಬಂದು, ನನ್ನ ಗುಂಡಿ ಬಿಚ್ಚುತ್ತಾ ಶುರುಮಾಡಿದರು. “ಅರ್ಧ ನಿಮಿಷ ಕಚ್ಚಿದ್ರೆ ಕೈ ಬರ್ತಿತ್ತಲ್ಲೇ. ನಾನಿನ್ನೆಷ್ಟು ದಿನ ಇರ್ತೀನಿ? ನಾಳೆ ನಾನು ಮಲಗಿದ್ರೆ ನಿನ್ನ ಯಾರು ತೊಳೀತಾರೆ? ಆ ಮೊಬೈಲಿನವನು ಬರ್ತಾನಾ?” ಅತ್ತರು. ನಾನೂ ಅತ್ತೆ. ನನ್ನ ಕಣ್ಣೀರು ಒರೆಸಲೂ ಅವರದೇ ಕೈ ಬೇಕು. ಒರೆಸಿ, ಮೂಗು ಹಿಡಿದು ಸಿಂಬಳ ತೆಗೆದು, “ನೀನು ಕಚ್ಚಿದ್ರೆ ನಾನೇ ಎದ್ದು ಬಂದು ಕಿತ್ಕೋತಿದ್ದೆ. ಅದು ಬೇರೆ ಮಾತು,” ಅಂದರು.

ಮೂರು ವಾರಕ್ಕೆ ಆದೇಶ ಬಂತು. ಫೀಸಿನ ಅರ್ಜಿ ವಜಾ. ಮಡಿಸಿದ ಶೀಟನ್ನು ಕಂಡ ಅಧಿಕಾರಿಗೆ ಕೈ ಸರಿಯಿದೆ ಎಂದು ಅನಿಸುವುದು ಸಹಜ, ಹಾಗಲ್ಲ ಎಂದು ಮಾಡಿ ತೋರಿಸಲು ಅವಕಾಶ ಕೊಟ್ಟರೂ ಅರ್ಜಿದಾರರು ನಿರಾಕರಿಸಿದ್ದಾರೆ, ಆದ್ದರಿಂದ ಇಲಾಖೆಗೆ ಸರಿಯಾದ ಕಾರಣ ಇರಲಿಲ್ಲ ಎನ್ನಲಾಗದು. ನಾನು ಬಾಯಿಬಿಟ್ಟು ಹೇಳಿದ್ದರ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಜೊಲ್ಲು ಬಿದ್ದ ಕಡೆ ಅವರೂ ಒಳಮಡಿಕೆ ಮಾಡಿದ್ದರು.

ಬಾಕಿ ಹಣ ಬಂದ ದಿನ ವಕೀಲಮ್ಮನನ್ನು ಮನೆಗೆ ಕರೆಸಿದೆ. ಅತ್ತೆ ಕಾಲು ಭಾಗವನ್ನು ಎಣಿಸಿ ಮೇಜಿನ ಮೇಲಿಟ್ಟರು. ಅವಳು ಮುಟ್ಟಲಿಲ್ಲ.

“ಬೇಡ ಅಕ್ಕಾ. ಮೊದ್ಲು ಆಪರೇಷನ್ ಆಗ್ಲಿ. ನನ್ನದು ಆಮೇಲೆ ನೋಡೋಣ.”

“ಬಾಡಿಗೆ ಎಷ್ಟು ತಿಂಗಳಿಂದ ಕೊಟ್ಟಿಲ್ಲ?” ಕೇಳಿದೆ. ಜೆರಾಕ್ಸ್ ಅಂಗಡಿಯವನು ನನ್ನೆದುರೇ ಅವಳಿಗೆ ಮೂರು ಸಲ ಜ್ಞಾಪಿಸಿದ್ದ.

ಅವಳು ಕೆಳಗೆ ನೋಡಿದಳು. “ನಾನು ಮನ್ನಾ ಮಾಡ್ತೀನಿ ಅಂದ್ರೆ ನೀವ್ಯಾಕೆ ಬೇಡ ಅಂತೀರಾ?”

ಬೇಡ ಅನ್ನುವುದು ಸುಲಭವಾಗಿರಲಿಲ್ಲ. ಆ ಹಣದ ಕಟ್ಟು ನನ್ನ ಬೆರಳುಗಳು. ಬಾಯಿ ಮುಚ್ಚಿಕೊಂಡು ಸುಮ್ಮನಿದ್ದರೆ ಆಗಿತ್ತು. ಅವಳೇ ಬಿಟ್ಟಳು, ನಾನೇನು ಕೇಳಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ಎರಡು ವರ್ಷ ನಾನು ಯಾರ ಮುಖಕ್ಕೆ ಉಗಿಯಬೇಕು ಅಂದುಕೊಂಡಿದ್ದೆನೋ, ಅವರ ಮುಖ ನನಗೇ ಬರುತ್ತಿತ್ತು.

“ಕೆಲಸ ಮಾಡಿದೀಯ, ಕೂಲಿ ತಗೋ. ದುಡಿಸ್ಕೊಂಡು ಕೈಯೆತ್ತೋರು ಅವರು. ನಾನು ಸರ್ಕಾರ ಅಲ್ಲ,” ಅಂದೆ.

ಅತ್ತೆ ಕಟ್ಟನ್ನು ತೆಗೆದು ಅವಳ ಚೀಲದೊಳಗೆ ತುರುಕಿದರು. “ತಗೊಳ್ಳೇ ಹುಡುಗಿ. ಇವಳು ಹಟ ಹಿಡಿದ್ರೆ ಜಡ್ಜ್ ಮಾತೇ ಕೇಳ್ಲಿಲ್ಲ, ನಿನ್ನ ಮಾತು ಕೇಳ್ತಾಳಾ?”

ಅವಳು ಮುಖ ಒರೆಸಿಕೊಂಡಳು. ಆಮೇಲೆ ಅದೇ ಚೀಲದಿಂದ ಕಾಗದ ತೆಗೆದಳು. ಫೀಸಿನ ಆದೇಶದ ಮೇಲೆ ದೊಡ್ಡ ಕೋರ್ಟಿಗೆ ಹೋಗುವ ಮೇಲ್ಮನವಿ. ಆಗಲೇ ಟೈಪ್ ಮಾಡಿಸಿ ತಂದಿದ್ದಳು. ತೊಂಬತ್ತು ದಿನದೊಳಗೆ ಹಾಕಬೇಕು, ಗೆದ್ದರೆ ಈ ಕಟ್ಟು ನಿಮಗೇ ವಾಪಸು ಅಂದಳು. ಕಡೆಯ ಪುಟ ತೋರಿಸಿದಳು. ಸಹಿಯ ಜಾಗದಲ್ಲಿ, ಎರಡು ವರ್ಷ ಪ್ರತಿ ಕಾಗದದಲ್ಲೂ ಇದ್ದ ಹಾಗೆ, “ಸಹಿ ಮಾಡಲು ಅಶಕ್ತರು” ಎಂದು ಟೈಪಾಗಿತ್ತು. ಇಲಾಖೆ ನನಗೆ ಕೈ ಇದೆ ಎಂದು ಬರೆದ ಕಾಗದದ ಕೆಳಗೂ ಇಲಾಖೆಯ ಗುಮಾಸ್ತ ಅದನ್ನೇ ಬರೆದಿದ್ದ.

“ಅದನ್ನ ಹೊಡೆದ್ಹಾಕು,” ಅಂದೆ. “ಜಾಗ ಖಾಲಿ ಬಿಡು.”

ಮಾರನೇ ದಿನ ಉಳಿದ ಹಣ ತೆಗೆದುಕೊಂಡು ಕೈ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಚೀಟಿಯ ಮೇಲೆ ಲೆಕ್ಕ ಹಾಕಿದರು. ತಮ್ಮ ಪಾಲಿನದನ್ನು ಹೊಡೆದುಹಾಕಿ ಮತ್ತೆ ಲೆಕ್ಕ ಹಾಕಿದರು. ಆದರೂ ಎರಡು ಆಪರೇಷನ್‌ಗೆ ಸಾಲಲಿಲ್ಲ. “ಈಗ ಒಂದು ಸಲ ಮಾಡ್ಬಹುದು. ಇನ್ನೊಂದು ಯಾವಾಗ ಆಗುತ್ತೋ, ಅಷ್ಟರಲ್ಲಿ ಗೆಣ್ಣು ಉಳಿಯುತ್ತೋ ಇಲ್ವೋ, ನಾನು ಸುಳ್ಳು ಹೇಳಲ್ಲ. ಅದಕ್ಕೇ ನೀವೇ ಹೇಳ್ಬೇಕು,” ಅಂದರು. ನನ್ನ ಎಡಗೈಯನ್ನು ತಮ್ಮ ಅಂಗೈ ಮೇಲೆ ಇಟ್ಟುಕೊಂಡರು. “ಈ ಕಡೆ ಮೂರು ಬೆರಳು ಬಿಡಿಸಿದ್ರೆ ಲೋಟ ಎತ್ತಬಹುದು, ಚಮಚ ಮುಷ್ಟೀಲಿ ಹಿಡಿದು ಊಟ ಮಾಡಬಹುದು. ಈ ಕಡೆ ಹೆಬ್ಬೆರಳು, ತೋರುಬೆರಳು ಬಿಡಿಸಿದ್ರೆ ಸಣ್ಣ ಸಾಮಾನು ಚಿಮುಟಿ ಹಿಡಿಯೋಕೆ ಬರುತ್ತೆ. ಯಾವುದು ಮೊದ್ಲು?”

ತರಕಾರಿ ಅಂಗಡಿಯಲ್ಲಿ ನಿಂತು ದುಡ್ಡಿಗೆ ತಕ್ಕಷ್ಟು ಆರಿಸಿಕೊಳ್ಳುವ ಹಾಗೆ ನನ್ನದೇ ಬೆರಳು ಆರಿಸಿಕೊಳ್ಳುತ್ತಾ ಕೂತಿದ್ದೆ. ಹೇಸಿಗೆ ಆಯಿತು.

“ಊಟ ಅನ್ನು,” ಎಂದು ಅತ್ತೆ ನನ್ನ ತೋಳು ತಿವಿದರು. “ಹೊಟ್ಟೆ ಮೊದ್ಲು ಕಣೇ.”

“ಹೊಟ್ಟೆಗೆ ಸದ್ಯ ನೀವಿದೀರಲ್ಲ ಅತ್ತೆ,” ಅಂದೆ. ಡಾಕ್ಟರಮ್ಮನ ಕಡೆ ತಿರುಗಿದೆ. “ಹೆಬ್ಬೆರಳು, ತೋರುಬೆರಳು ಬಿಡ್ಸಿ.”

“ಗುಂಡಿ ಹಾಕ್ಕೊಳ್ಳೋಕಾ?” ಎಂದು ಅವರು ಚೀಟಿ ಬರೆಯುತ್ತಾ ಕೇಳಿದರು.

“ಸಹಿ ಹಾಕೋಕೆ,” ಅಂದೆ.